ಎಡಚರಿಗೆ ಕ್ಯಾಮೆರಾ: ಬಲಗೈ ಬಾಡಿಯಲ್ಲೇ ಕೈ ಕೂರಿಸೋದು ಹೇಗೆ?

ಹೇಮಾವತಿ_ದಂಡೆ (ಹಾಸನ):

ಎಲ್ಲರಿಗೂ ನಮಸ್ಕಾರ. ನಾನು ಪೂರ್ತಿ ಎಡಚ. ಇಷ್ಟು ದಿನ ಫೋನಲ್ಲೇ ತೆಗೀತಿದ್ದೆ, ಈಗ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ (ಎರಡೂ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳು) ಒಂದನ್ನ ತಗೊಳ್ಳೋಣ ಅಂತಿದ್ದೀನಿ. ಮುಖ್ಯವಾಗಿ ಬೇಲೂರು, ಹಳೇಬೀಡಿನ ಶಿಲ್ಪಗಳು, ಆಮೇಲೆ ಸ್ವಲ್ಪ ಹಕ್ಕಿ. ಸ್ನೇಹಿತರ ಕ್ಯಾಮೆರಾದಲ್ಲಿ ನೋಡಿದಾಗ ಎರಡು ತೊಂದರೆ ಕಾಣಿಸ್ತು. ಬೇಲೂರು ನವರಂಗದ (ದೇವಸ್ಥಾನದ ಒಳಮಂಟಪ) ಒಳಗೆ ಶಟರ್ 1/30 ಸೆಕೆಂಡಿಗೆ ಇಟ್ಟು ತೆಗೆದಿದ್ದೆಲ್ಲ ಅಲುಗಿದೆ. ಹೊರಗಡೆ ತೆಗೆದದ್ದು ಅಲುಗಿಲ್ಲ, ಆದ್ರೆ ಎಲ್ಲ ಚಿತ್ರಾನೂ ಒಂದೇ ಕಡೆಗೆ ವಾಲಿದೆ. ಟ್ರೈಪಾಡ್ ಇಡೋಣ ಅಂದ್ರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಬಿಡಲ್ಲ.

ಎಡಗೈಯವರಿಗೆ ಅಂತಲೇ ಮಾಡಿದ ಕ್ಯಾಮೆರಾ ಇದೆಯಾ? ಇಲ್ಲದಿದ್ರೆ ಯಾವ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ನೋಡಬೇಕು? ಈ ವಾಲೋದಕ್ಕೆ ಪರಿಹಾರ ಏನು?


ಗಿರಿನೋಟ (ಚಿಕ್ಕಮಗಳೂರು):

ಮೊದಲನೇ ಪ್ರಶ್ನೆಗೆ ಉತ್ತರ: ಈಗಿನ ದೊಡ್ಡ ಕಂಪನಿಗಳ ಯಾವ ಬಾಡಿಯಲ್ಲೂ ಶಟರ್ ಎಡಗಡೆ ಇಲ್ಲ. ಹಿಂದೆ ಇತ್ತು. ಡ್ರೆಸ್ಡೆನ್‌ನ ಇಹಗೀ ಕಂಪನಿಯವರ ಕೀನ್ ಎಕ್ಸಾಕ್ಟಾ, 1936ರದ್ದು, 35 ಎಂಎಂ ಎಸ್‌ಎಲ್‌ಆರ್. ಅದರಲ್ಲಿ ಶಟರ್ ಬಟನ್ನೂ ಎಡಗಡೆ, ಫಿಲ್ಮ್ ಎಳೆಯೋ ಲಿವರೂ ಎಡಗಡೆ. ಯಾಶಿಕಾ ಸಮುರಾಯ್ ಝಡ್-ಎಲ್ ಅಂತ ಒಂದು ಬಂದಿತ್ತು, ಅದು ಎಡಚರಿಗೆ ಅಂತಲೇ ತಿರುಗುಮುರುಗಾಗಿ ಮಾಡಿದ ಹಾಫ್ ಫ್ರೇಮ್ ಕ್ಯಾಮೆರಾ, 36ರ ರೋಲಿನಲ್ಲಿ 72 ಚಿತ್ರ. ಹ್ಯಾಸೆಲ್‌ಬ್ಲಾಡ್ 500 ಸರಣಿಯನ್ನ ಎಡ ಅಂಗೈ ಮೇಲೆ ಕೂರಿಸಿ ಎಡ ತೋರುಬೆರಳಲ್ಲೇ ಒತ್ತಬೇಕು. ಫೋಕಸ್ಸು, ಫಿಲ್ಮ್ ಸುತ್ತೋ ಕ್ರ್ಯಾಂಕು ಬಲಗೈಗೆ. ಇವೆಲ್ಲ ಫಿಲ್ಮಿನವು. ಶೋಕಿಗೆ ಬೇಕಾದ್ರೆ ತಗೊಳ್ಳಿ, ನಿಮ್ಮ ಕೆಲಸಕ್ಕೆ ಬೇಡ.

ಈಗ ವಾಲೋ ವಿಷಯ. ಚಿತ್ರ ತೆಗೆದು ನೋಡಿ: ಬೇಲೂರಿನ ಗೋಡೆ ಬುಡದಲ್ಲಿ ಆನೆ ಸಾಲು ಇದೆಯಲ್ಲ, ಎದುರಿಗೆ ನೇರ ನಿಂತು ತೆಗೆದ ಚಿತ್ರದಲ್ಲಿ ಆ ಸಾಲು ಬಲಕ್ಕೆ ಹೋಗ್ತಾ ಹೋಗ್ತಾ ಮೇಲೇರಿದ್ರೆ, ಒತ್ತುವಾಗ ನೀವು ಕ್ಯಾಮೆರಾದ ಬಲಭುಜವನ್ನ ಕೆಳಗೆ ತಳ್ತಿದ್ದೀರಿ. ಕ್ಯಾಮೆರಾ ಬಲಕ್ಕೆ ಇಳಿದ್ರೆ ಚಿತ್ರದಲ್ಲಿ ಬಲತುದಿ ಏರುತ್ತೆ. ಬಳಕೆ ಕಮ್ಮಿ ಇರೋ ಬೆರಳು ಒತ್ತೋ ಬದಲು ಕುಟ್ಟುತ್ತೆ, ಎಡಚರಲ್ಲಿ ಇದು ಸಾಮಾನ್ಯ. ಒಳಗಡೆ ಅಲುಗಿದ್ದಕ್ಕೂ ಇದೇ ಕಾರಣ ಇರಬಹುದು. ಹೊರಗೆ 1/500ರಲ್ಲಿ ಆ ಕುಟ್ಟು ಬರೀ ವಾಲಾಗಿ ಕಾಣುತ್ತೆ, 1/30ರಲ್ಲಿ ಅದೇ ಕುಟ್ಟು ಚಿತ್ರವನ್ನ ಅಳಿಸಿಬಿಡುತ್ತೆ. ಎಡಕ್ಕೆ ಏರಿದ್ರೆ ಮಾತ್ರ ಬೇರೆ ಕಥೆ: ಲೆನ್ಸ್ ಕೆಳಗಿನ ಎಡಗೈ ಸಡಿಲ ಬಿಟ್ಟಿದ್ದೀರಿ ಅಂತ.

ಸರಿಮಾಡೋದು ಹೀಗೆ. ಭಾರ ಪೂರ್ತಿ ಎಡ ಅಂಗೈಗೆ ಬರಲಿ. ಅಂಗೈ ಮೇಲ್ಮುಖ, ಬಾಡಿಯ ತಳ ಅಂಗೈ ಬುಡದ ಮೇಲೆ, ಹೆಬ್ಬೆರಳು ಮತ್ತು ತೋರುಬೆರಳು ಲೆನ್ಸ್ ರಿಂಗಿಗೆ, ಎಡ ಮೊಣಕೈ ಪಕ್ಕೆಲುಬಿಗೆ ಒತ್ತಿರಬೇಕು. ಬಲಗೈ ಪೂರ್ತಿ ತೆಗೆದರೂ ಕ್ಯಾಮೆರಾ ಕದಲಬಾರದು, ಅಷ್ಟು ಕೂತಿದ್ರೆ ಸರಿ. ಎಡಗೈ ಬಲವಾಗಿರೋರಿಗೆ ಇದು ಲಾಭವೇ; ಬಲಗೈಯವರು ಕಲಿಯೋಕೆ ಒದ್ದಾಡೋದು ಇದನ್ನೇ. ಆಮೇಲೆ ಬಲಗೈ ಗ್ರಿಪ್ಪಿನ ಮೇಲೆ ಹಗುರ, ಹಿಸುಕಬೇಡಿ. ತೋರುಬೆರಳ ತುದಿಯಿಂದ ಬಟನ್ ಚುಚ್ಚಬೇಡಿ. ಬೆರಳಿನ ಮೆತ್ತನೆ ಭಾಗವನ್ನ ಬಟನ್ ಸುತ್ತಲಿನ ಅಂಚಿಗೂ ತಾಗೋ ಹಾಗೆ ಅಡ್ಡ ಮಲಗಿಸಿ, ಅರ್ಧ ಒತ್ತಿ ನಿಲ್ಲಿಸಿ, ಅಲ್ಲಿಂದ ಬೆರಳನ್ನ ಮುಂದಕ್ಕೆ ಹೊರಳಿಸಿ. ಒತ್ತಿದ ಮೇಲೂ ತಕ್ಷಣ ಬೆರಳು ಎತ್ತಬಾರದು.

ಅಭ್ಯಾಸಕ್ಕೆ ಒಂದು ರೂಪಾಯಿ ನಾಣ್ಯ ಸಾಕು. ಲೆನ್ಸ್ ಬ್ಯಾರೆಲ್ ಮೇಲೆ ಮಲಗಿಸಿ, 1/15 ಇಟ್ಟು ಒತ್ತುತ್ತಾ ಹೋಗಿ. ನಾಣ್ಯ ಜಾರಿದ್ರೆ ಬೆರಳು ಕುಟ್ಟಿದೆ ಅಂತ. ಹಾಸಿಗೆ ಮೇಲೆ ಕೂತು ಮಾಡಿ, ನಾಣ್ಯ ಹುಡುಕೋದು ತಪ್ಪುತ್ತೆ.

ಕತ್ತಲಲ್ಲಿ ಇನ್ನೊಂದು ಉಪಾಯ: ಕಂಟಿನ್ಯೂಯಸ್ ಮೋಡಿಗೆ ಹಾಕಿ ಒಂದೇ ಒತ್ತಿಗೆ ಮೂರು ತೆಗೀರಿ. ಒತ್ತುವಾಗಿನ ಕುಲುಕು ಮೊದಲನೇದಕ್ಕೆ, ಬಿಡುವಾಗಿನದು ಕೊನೇದಕ್ಕೆ ಹೋಗುತ್ತೆ, ನಡುವಿನದು ಸಾಮಾನ್ಯವಾಗಿ ಚೂಪಾಗಿರುತ್ತೆ. ಕ್ರಾಪ್ ಸೆನ್ಸರ್ (35 ಎಂಎಂ ಫಿಲ್ಮಿಗಿಂತ ಚಿಕ್ಕ ಸೆನ್ಸರ್) ಬಾಡಿಯಲ್ಲಿ 50 ಎಂಎಂ ಲೆನ್ಸಿಗೆ ಲೆಕ್ಕದ ಪ್ರಕಾರ 1/80 ಸಾಕು, ಬೆರಳು ಪಳಗೋವರೆಗೆ ನೀವು 1/160 ಇಟ್ಕೊಳ್ಳಿ. ನವರಂಗದಲ್ಲಿ ಅದಕ್ಕೆ ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಅಗಲ ತೆರೆದು ಎಫ್/1.8 ಅಥವಾ 2, ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 3200ರಿಂದ 6400 ಬೇಕಾಗುತ್ತೆ. ಕಾಳು ಕಾಳಾದ್ರೂ ಪರವಾಗಿಲ್ಲ, ಅದನ್ನ ಆಮೇಲೆ ಸರಿ ಮಾಡಬಹುದು. ಅಲುಗಿದ ಚಿತ್ರಕ್ಕೆ ಮದ್ದಿಲ್ಲ.


ಕಣಿವೆ_ಕಣ್ಣು (ಸಕಲೇಶಪುರ):

ಗಿರಿನೋಟ ಸರ್ ಕೈ ಬಗ್ಗೆ ಹೇಳಿದ್ದೆಲ್ಲ ಸರಿ, ಆದರೆ ಕಣ್ಣನ್ನ ಬಿಟ್ಟಿದ್ದಾರೆ. ನನ್ನ ಪ್ರಕಾರ ಬಾಡಿ ಆರಿಸೋಕೆ ಕೈಗಿಂತ ಕಣ್ಣೇ ಮುಖ್ಯ.

ಎಡಚರೆಲ್ಲ ಎಡಗಣ್ಣಿನವರಲ್ಲ, ಬಲಗೈಯವರಲ್ಲೂ ಎಷ್ಟೋ ಜನ ಎಡಗಣ್ಣಿನವರು. ಮೊದಲು ಪರೀಕ್ಷೆ ಮಾಡಿಕೊಳ್ಳಿ. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ಮಧ್ಯೆ ಸಣ್ಣ ತ್ರಿಕೋನ ಮಾಡಿ, ಅದರೊಳಗೆ ದೂರದ ದೀಪದ ಕಂಬ ಕಾಣೋ ಹಾಗೆ ಎರಡೂ ಕಣ್ಣು ಬಿಟ್ಟು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಕಂಬ ತ್ರಿಕೋನದೊಳಗೇ ಉಳಿಯುತ್ತೋ ಅದು ನಿಮ್ಮ ಮುಂದಾಳು ಕಣ್ಣು.

ಬಲಗಣ್ಣು ಬಂದ್ರೆ ಮುಂದಿನದನ್ನ ಓದೋದೇ ಬೇಡ. ಎಡಗಣ್ಣು ಬಂದ್ರೆ ಕ್ಯಾಮೆರಾದ ಹಿಂಬದಿ ಪೂರ್ತಿ ನಿಮ್ಮ ಮುಖದಡಿ ಸೇರುತ್ತೆ. ಮೂಗು ಸ್ಕ್ರೀನಿನ ಬಲಭಾಗಕ್ಕೆ ತಾಗುತ್ತೆ, ಬಲ ಹೆಬ್ಬೆರಳಿಗೂ ಕೆನ್ನೆಗೂ ಜಾಗದ ಜಗಳ. ಅದಕ್ಕೇ ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ) ಎಡಮೂಲೆಯಲ್ಲಿ ಇರೋ ಬಾಡಿಗಳು, ಅಂದ್ರೆ ಸೋನಿ ಎ6000 ಸಾಲು, ಫ್ಯೂಜಿ ಎಕ್ಸ್-ಇ ಸಾಲು, ಎಡಗಣ್ಣಿನವರಿಗೆ ಬೇಡ. ಅವು ಬಲಗಣ್ಣಿನವರ ಮೂಗು ಹೊರಗೆ ಉಳಿಯಲಿ ಅಂತ ಇರೋ ವಿನ್ಯಾಸ. ವ್ಯೂಫೈಂಡರ್ ಲೆನ್ಸಿನ ನೇರ ಮೇಲಿರೋದನ್ನೇ ನೋಡಿ.

ಟಚ್ ಸ್ಕ್ರೀನ್ ಇದ್ರೆ, ಕಣ್ಣಿಟ್ಟು ನೋಡುವಾಗ ಬೆರಳು ಎಳೆದು ಫೋಕಸ್ ಪಾಯಿಂಟ್ ಸರಿಸೋ ಸೌಲಭ್ಯ ಹಲವು ಮಿರರ್‌ಲೆಸ್ಸುಗಳಲ್ಲಿ ಇದೆ. ಅದನ್ನ ಆಫ್ ಮಾಡಿ. ಇಲ್ಲಾಂದ್ರೆ ಪಾಯಿಂಟನ್ನ ಮೂಗು ಸರಿಸುತ್ತೆ, ಶಿಲಾಬಾಲಿಕೆಯ ಮುಖ ಬಿಟ್ಟು ಹಿಂದಿನ ತೊಲೆ ಮೇಲೆ ಫೋಕಸ್ ಕೂತಿರುತ್ತೆ, ಕಾರಣ ತಿಳಿಯದೆ ಲೆನ್ಸನ್ನ ಬೈತೀರಿ. ಸ್ಪರ್ಶದ ಜಾಗವನ್ನ ಸ್ಕ್ರೀನಿನ ಬಲ ಅರ್ಧಕ್ಕೆ ಮಾತ್ರ ಸೀಮಿತ ಮಾಡಿ ಅಂತ ಎಲ್ಲ ಕಡೆ ಸಲಹೆ ಸಿಗುತ್ತೆ, ಅದು ಬಲಗಣ್ಣಿನವರಿಗೆ ಹೇಳಿದ್ದು. ನಿಮ್ಮ ಮೂಗು ಇರೋದೇ ಅಲ್ಲಿ. ಪಾಯಿಂಟ್ ಸರಿಸೋಕೆ ಜಾಯ್‌ಸ್ಟಿಕ್ ಇರೋ ಬಾಡಿ ಒಳ್ಳೇದು. ಸ್ಕ್ರೀನ್ ಪಕ್ಕಕ್ಕೆ ತೆರೆದು ತಿರುಗೋ ಹಾಗಿದ್ರೆ ಮಗುಚಿ ಒಳಮುಖ ಮುಚ್ಚಿಬಿಡಿ, ಮೂಗಿನ ಎಣ್ಣೆಯೂ ತಪ್ಪುತ್ತೆ. ಕ್ಯಾನನ್ನಿನ ಹಲವು ಡಿಎಸ್‌ಎಲ್‌ಆರ್‌ಗಳಿಗೆ ಇಪಿ-ಇಎಕ್ಸ್15 II ಅನ್ನೋ ಐಪೀಸ್ ಎಕ್ಸ್‌ಟೆಂಡರ್ ಬರುತ್ತೆ, ಕಣ್ಣಿನ ಜಾಗವನ್ನ 15 ಎಂಎಂ ಹಿಂದಕ್ಕೆ ತರುತ್ತೆ. ಮೂಗಿಗೆ ಜಾಗ ಸಿಗುತ್ತೆ, ಬದಲಿಗೆ ವ್ಯೂಫೈಂಡರಿನ ಚಿತ್ರ ಸುಮಾರು ಶೇ. 30 ಚಿಕ್ಕದಾಗಿ ಕಾಣುತ್ತೆ. ಕನ್ನಡಕ ಇರೋರು ಹಾಕಿ ನೋಡಿಯೇ ತಗೊಳ್ಳಿ.

ಶಿಲಾಬಾಲಿಕೆಗಳಿಗೆ ಉದ್ದುದ್ದ ಫ್ರೇಮೇ ಬೇಕಲ್ಲ, ಅಲ್ಲಿ ಒಂದು ಕಿವಿಮಾತು. ಎಲ್ಲರೂ ಗ್ರಿಪ್ ಮೇಲೆ ಬರೋ ಹಾಗೆ ತಿರುಗಿಸ್ತಾರೆ, ಬಲ ಮೊಣಕೈ ಗಾಳಿಯಲ್ಲಿ. ಎಡಗಣ್ಣಿನವರು ಗ್ರಿಪ್ ಕೆಳಗೆ ಬರೋ ಹಾಗೆ ತಿರುಗಿಸಿ. ಆಗ ಬಾಡಿ ನಿಮ್ಮ ಮೂಗಿನಿಂದ ಆಚೆ, ಎಡಕ್ಕೆ ಸರಿಯುತ್ತೆ, ಎರಡೂ ಮೊಣಕೈ ಎದೆಗೆ ಒತ್ತಿ ಕೂರುತ್ತೆ. ಮದನಿಕೆಯರು ಸೂರಿನಡಿ ಮುಂದಕ್ಕೆ ಬಾಗಿ ಇರೋದ್ರಿಂದ ಕತ್ತೆತ್ತಿ ತೆಗೀಬೇಕು, ಆ ಭಂಗಿಯಲ್ಲಿ ಬಲ ಮೊಣಕೈ ಮೇಲೆತ್ತಿದ್ರೆ ಖಂಡಿತ ಅಲುಗುತ್ತೆ.


ಭದ್ರಾ_ಹಿನ್ನೀರು (ತರೀಕೆರೆ):

ಬಾಡಿ ಆಯ್ಕೆಗೆ ನನ್ನದೊಂದು ಅಳತೆಗೋಲು: ಎಡಗೈಗೆ ಎಷ್ಟು ಕೆಲಸ ವರ್ಗಾಯಿಸಬಹುದು? ಆ ಲೆಕ್ಕದಲ್ಲಿ ಫ್ಯೂಜಿ ಎಕ್ಸ್-ಟಿ ಸಾಲು, ಎಕ್ಸ್-ಟಿ3 ಆಗಲಿ ಮುಂದಿನದಾಗಲಿ, ಮೊದಲು. ಐಎಸ್ಒ ಡಯಲ್ ಎಡಭುಜದ ಮೇಲಿದೆ, ಅದರಡಿಯಲ್ಲೇ ಡ್ರೈವ್ ಲಿವರ್ (ಒಂದೊಂದೇ ತೆಗೆಯೋದಾ, ಸಾಲಾಗಿ ತೆಗೆಯೋದಾ ಅಂತ ಆರಿಸೋದು), ಬಹಳಷ್ಟು ಲೆನ್ಸ್‌ಗಳಲ್ಲಿ ಅಪರ್ಚರ್ ರಿಂಗ್. ಬಲಗೈಗೆ ಉಳಿಯೋದು ಶಟರ್ ಬಟನ್ ಮತ್ತು ಶಟರ್ ಸ್ಪೀಡ್, ಅಷ್ಟೇ. ನಿಕಾನ್ ಝಡ್ಎಫ್‌ನಲ್ಲೂ ಐಎಸ್ಒ ಡಯಲ್ ಎಡಕ್ಕೇ.

ಬಜೆಟ್ ಕಮ್ಮಿ ಅಂದ್ರೆ ಕ್ಯಾನನ್ 70ಡಿ, 80ಡಿ ಅಥವಾ ನಿಕಾನ್ ಡಿ7200, ಡಿ7500. ಮೋಡ್ ಡಯಲ್ ಎಡಗಡೆ. ನಿಕಾನಿನಲ್ಲಿ ಮೆನು, ಪ್ಲೇಬ್ಯಾಕ್ ಬಟನ್ನುಗಳೂ ಎಡ ಅಂಚಿನಲ್ಲಿ ಸಾಲಾಗಿವೆ. ಡಿ3500, ಡಿ5600 ಥರದ ಚಿಕ್ಕ ಬಾಡಿಗಳಲ್ಲಿ ಮೋಡ್ ಡಯಲ್ ಬಲಕ್ಕೆ ಬಂದುಬಿಟ್ಟಿದೆ. ಹಗುರ ಅನ್ನೋದು ನಿಜ, ಆದ್ರೆ ಗ್ರಿಪ್ ಚಿಕ್ಕದು, ಪಳಗದ ಬಲಗೈ ಅದನ್ನ ಇನ್ನೂ ಹಿಸುಕುತ್ತೆ.

ಕ್ಯಾನನ್ ಆರ್‌ಎಫ್ ಲೆನ್ಸ್ ಆದ್ರೆ ಕಂಟ್ರೋಲ್ ರಿಂಗಿಗೆ ಐಎಸ್ಒ ಅಥವಾ ಅಪರ್ಚರ್ ಕೊಡಿ. ಸೋನಿಯ ಜಿ, ಜಿಎಂ ಲೆನ್ಸ್‌ಗಳ ಬ್ಯಾರೆಲ್ ಮೇಲೆ ಫೋಕಸ್ ಹೋಲ್ಡ್ ಅಂತ ಒಂದು ಬಟನ್ ಇರುತ್ತೆ. ಮೆನುವಿನಲ್ಲಿ ಅದಕ್ಕೆ ಎಎಫ್ ಆನ್ (ಆಟೋಫೋಕಸ್ ಶುರು ಮಾಡೋದು) ಕೊಟ್ಟು, ಶಟರ್ ಅರ್ಧ ಒತ್ತಿದಾಗ ಫೋಕಸ್ ಮಾಡೋದನ್ನ ಆಫ್ ಮಾಡಿ. ಆಗ ಫೋಕಸ್ ಎಡ ಹೆಬ್ಬೆರಳಿಗೆ, ಬಲ ತೋರುಬೆರಳಿಗೆ ಒತ್ತೋದೊಂದೇ ಕೆಲಸ. ಬ್ಯಾಕ್ ಬಟನ್ ಫೋಕಸ್ ಅಂತ ಎಲ್ಲರೂ ಬಲ ಹೆಬ್ಬೆರಳಲ್ಲಿ ಮಾಡೋದನ್ನ ಇಲ್ಲಿ ಎಡಗೈಗೆ ತಂದ ಹಾಗಾಯ್ತು, ಎಡಗಣ್ಣಿನವರ ಕೆನ್ನೆ ಜಗಳವೂ ಇಲ್ಲ.

ಹಕ್ಕಿ ವಿಷಯಕ್ಕೆ ಚಿಂತೆ ಬೇಡ. 150-600 ಎಂಎಂ ಲೆನ್ಸ್ ಸುಮಾರು 2 ಕೇಜಿ, ನಿಕಾನ್ 200-500 ಎಂಎಂ ಟ್ರೈಪಾಡಿಗೆ ಕೂರಿಸೋ ಕಾಲರ್ ಸೇರಿ 2.3 ಕೇಜಿ. ಭಾರ ಹೊರೋದು, ಜೂಮ್ ತಿರುಗಿಸೋದು, ಹಾರೋ ಹಕ್ಕಿ ಹಿಂದೆ ಓಡಿಸೋದು ಮೂರೂ ಎಡಗೈ ಕೆಲಸ. ಲಕ್ಕವಳ್ಳಿ ಕಡೆ ದೋಣಿಯಲ್ಲಿ ರಿವರ್ ಟರ್ನ್ ಹಕ್ಕಿ ತೆಗೆಯೋರು ಮೊನೊಪಾಡನ್ನ (ಒಂಟಿ ಕಾಲಿನ ಸ್ಟ್ಯಾಂಡ್) ದೋಣಿ ತಳಕ್ಕೆ ಊರಿದ್ರೆ ಇಂಜಿನ್ ನಡುಕ ನೇರ ಲೆನ್ಸಿಗೆ ಏರುತ್ತೆ; ಕೈಯಲ್ಲೇ ಹಿಡಿದು 1/2000 ಇಡೋದು ವಾಸಿ. ಅಲ್ಲಿ ಎಡಚರ ತೋಳು ಮೇಲುಗೈ.


ಕಾಫಿ_ಕಣ (ಮೂಡಿಗೆರೆ):

ಇದೇ ಚರ್ಚೆಯಲ್ಲಿ ಕೇಳ್ತೀನಿ. ಬಲಗೈ ಬೆರಳುಗಳು ಸ್ವಾಧೀನದಲ್ಲೇ ಇಲ್ಲದವರಿಗೆ ಏನು ದಾರಿ? ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ, ಎಡಗೈ ಗಟ್ಟಿ ಇದೆ. ಕ್ಯಾಮೆರಾ ತಲೆಕೆಳಗು ಹಿಡಿದ್ರೆ ಗ್ರಿಪ್ ಎಡಕ್ಕೆ ಬರುತ್ತಲ್ಲ, ಹಾಗೆ ಮಾಡಬಹುದಾ?


ನಟ್ಟು_ಬೋಲ್ಟು (ಹಾಸನ):

ತಲೆಕೆಳಗು ಬೇಡ. ಶಟರ್ ತಳಕ್ಕೆ ಹೋಗುತ್ತೆ, ಕಿರುಬೆರಳಲ್ಲೋ ಹೆಬ್ಬೆರಳಲ್ಲೋ ತಡಕಿ ಒತ್ತಬೇಕು, ಗ್ರಿಪ್ಪಿನ ಉಬ್ಬು ಎಡಗೈಗೆ ಹೊಂದಲ್ಲ, ಎಷ್ಟೋ ಬಾಡಿಗಳು 180 ಡಿಗ್ರಿ ತಿರುಗಿದ್ದನ್ನ ಗುರುತಿಸಲ್ಲ, ಆಮೇಲೆ ಒಂದೊಂದೇ ಚಿತ್ರ ತಿರುಗಿಸ್ತಾ ಕೂರಬೇಕು.

ಎಡಗಡೆಗೊಂದು ಹಿಡಿ ಮಾಡಿ. ಎಲ್ ಆಕಾರದ ಫ್ಲ್ಯಾಶ್ ಬ್ರಾಕೆಟ್ ಸಿಗುತ್ತೆ, ತಳದ ಪಟ್ಟಿ ಕ್ಯಾಮೆರಾ ಕೆಳಗೆ, ನಿಂತ ಹಿಡಿ ಎಡಕ್ಕೆ. ಹಿಡಿಯ ಮೇಲ್ತುದಿಗೆ ವೈರ್ ರಿಮೋಟನ್ನ ವೆಲ್ಕ್ರೋದಲ್ಲಿ ಬಿಗೀರಿ, ಬಟನ್ ಹೆಬ್ಬೆರಳಿಗೆ ಸಿಗೋ ಹಾಗೆ. ಹೆಬ್ಬೆರಳೇ ಯಾಕೆ ಅಂದ್ರೆ ಉಳಿದ ನಾಲ್ಕು ಬೆರಳು ಹಿಡಿ ಮೇಲಿಂದ ಏಳಬಾರದು. ಎರಡು ಹಂತದ ಬಟನ್ ಇರೋ ರಿಮೋಟೇ ತಗೊಳ್ಳಿ, ಅರ್ಧಕ್ಕೆ ಫೋಕಸ್, ಪೂರ್ತಿಗೆ ಶಟರ್.

ಎಡವಟ್ಟಾಗೋದು ನಾಲ್ಕು ಕಡೆ. ಒಂದು, ಬೋಲ್ಟು. ಕ್ಯಾಮೆರಾ ತಳದ ತೂತು ಕಾಲಿಂಚು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ ಕೇಳಿದ್ರೆ ಎಂ6 ಕೊಡ್ತಾರೆ, ನೋಡೋಕೆ ಅದೇ ಥರ. ಆದ್ರೆ ಎಂ6 ದಪ್ಪ 6 ಎಂಎಂ, ಇದು 6.35, ಎಂ6ರ ಸುತ್ತಿನ ಅಂತರ 1 ಎಂಎಂ, ಇದರದ್ದು 1.27. ಒಳಗೆ ಹೋದ ಹಾಗೆ ಅನಿಸುತ್ತೆ, ಬಿಗಿ ಮಾಡಿದ್ರೆ ಕ್ಯಾಮೆರಾ ತೂತಿನ ಒಳಗಿನ ಸುತ್ತು ಕಿತ್ತು ಬರುತ್ತೆ. ಹಳೇ ವಿಟ್‌ವರ್ತ್ ಕಾಲಿಂಚು ಕೊಟ್ರೆ ಪರವಾಗಿಲ್ಲ, ಅದಕ್ಕೂ ಇಂಚಿಗೆ 20, ಹಗುರ ಭಾರಕ್ಕೆ ನಡೆಯುತ್ತೆ. ಉದ್ದ ನೋಡ್ಕೊಳ್ಳಿ: ಪಟ್ಟಿಯಿಂದ ಮೇಲೆ 4.5 ಎಂಎಂಗಿಂತ ಹೆಚ್ಚು ಚಾಚಬಾರದು, ಹೆಚ್ಚಿದ್ರೆ ವಾಷರ್ ಹಾಕಿ. ತೂತಿನ ತಳಕ್ಕೆ ಬೋಲ್ಟ್ ಗುದ್ದಿದ್ರೆ ಬಾಡಿ ಸೀಳುತ್ತೆ.

ಎರಡನೇದು ತಿರುಚು. ಒಂದೇ ಬೋಲ್ಟಿನ ಮೇಲೆ ಕ್ಯಾಮೆರಾ ಗಿರಕಿ ಹೊಡೆಯುತ್ತೆ. ಮಧ್ಯೆ 2 ಎಂಎಂ ಕಾರ್ಕ್ ಅಥವಾ ಸೈಕಲ್ ಟ್ಯೂಬಿನ ರಬ್ಬರ್ ಹಾಕಿ. ಬಾಡಿ, ಲೆನ್ಸ್ ಸೇರಿ ಮುಕ್ಕಾಲು ಕೇಜಿಯೊಳಗೆ ಇರಲಿ. ಚಿಕ್ಕ ಬಾಡಿ ಮತ್ತು 18-55 ಎಂಎಂ ಜೂಮ್ ಲೆನ್ಸ್ ಆ ಲೆಕ್ಕಕ್ಕೆ ಬರುತ್ತೆ. ಜೂಮ್ ತಿರುಗಿಸೋಕೆ ಕೈ ಇಲ್ಲ ಅನ್ನೋದು ನೆನಪಿರಲಿ, 24 ಅಥವಾ 35 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಇನ್ನೂ ವಾಸಿ. ಮೂರು, ಪಟ್ಟಿ ಬ್ಯಾಟರಿ ಬಾಗಿಲಿಗೆ ಅಡ್ಡ ಬರದ ಹಾಗೆ ಕೂರಿಸಿ, ಇಲ್ಲಾಂದ್ರೆ ಪ್ರತಿ ಸಲ ಬಿಚ್ಚಬೇಕು.

ನಾಲ್ಕನೇದು ವೈರು. ಕ್ಯಾನನ್ ಚಿಕ್ಕ ಬಾಡಿಗಳಿಗೆ ಆರ್‌ಎಸ್-60ಇ3, ಅದರ ಪಿನ್ನು 2.5 ಎಂಎಂ. ಮೈಕಿನ ತೂತು 3.5, ಗೊಂದಲ ಬೇಡ. ತೀರಾ ಅಗ್ಗದ ಕೆಲವು ಬಾಡಿಗಳಲ್ಲಿ ರಿಮೋಟ್ ತೂತೇ ಇರಲ್ಲ, ಕೊಳ್ಳೋ ಮುಂಚೆ ಎಡಪಕ್ಕದ ರಬ್ಬರ್ ಮುಚ್ಚಳ ತೆಗೆಸಿ ನೋಡಿ. ಸ್ವಂತ ಬಟನ್ ಬೆಸೆಯೋರಿಗೆ: ಪಿನ್ನಿನ ತುದಿ ಶಟರ್, ನಡುವಿನ ಉಂಗುರ ಫೋಕಸ್, ಬುಡ ಎರಡಕ್ಕೂ ಕಾಮನ್. ತೂತು ಇರೋದು ಹಿಡಿಯ ಪಕ್ಕದಲ್ಲೇ ಆದ್ದರಿಂದ ನೇರ ಪಿನ್ ಅಂಗೈಗೆ ಒತ್ತಿ ಮುರಿಯುತ್ತೆ. ಮಡಚು ಪಿನ್ನಿನ ವೈರ್ ಹಾಕಿ, ಹಿಡಿಯ ಸುತ್ತ ಒಂದು ಸುತ್ತು ಸಡಿಲ ಬಿಡಿ.

ಸ್ಕ್ರೀನ್ ಮುಟ್ಟಿದ್ರೆ ಕ್ಲಿಕ್ ಆಗೋ ಟಚ್ ಶಟರ್ ಇರೋ ಬಾಡಿ ಆದ್ರೆ, ಟ್ರೈಪಾಡ್ ಮೇಲಿಟ್ಟು ಎಡಗೈ ಬೆರಳಲ್ಲೇ ಕೆಲಸ ಮುಗಿಯುತ್ತೆ, ಇಷ್ಟೆಲ್ಲ ಬೇಡ. ಫೋನ್ ಆ್ಯಪಿನಿಂದ ಒತ್ತೋದೂ ಆಗುತ್ತೆ, ಚೂರು ತಡ ಆಗುತ್ತೆ, ಹಕ್ಕಿಗೆ ಒದಗಲ್ಲ.


ಹೇಮಾವತಿ_ದಂಡೆ (ಹಾಸನ):

ಗಿರಿನೋಟ ಸರ್, ಹೌದು, ಆನೆ ಸಾಲು ಬಲಕ್ಕೇ ಏರಿದೆ! ಕಣಿವೆ_ಕಣ್ಣು ಮೇಡಂ, ಕಣ್ಣಿನ ಪರೀಕ್ಷೆಯಲ್ಲಿ ಎಡಗಣ್ಣು ಬಂತು. ಹಾಗಾಗಿ ಎಕ್ಸ್-ಟಿ3 ಹುಡುಕ್ತಿದ್ದೀನಿ. ಇನ್ನೆರಡು: ಅಡ್ಡ ಹಾಕೋ ಸ್ಲಿಂಗ್ ಪಟ್ಟಿಯಲ್ಲಿ ಎಡಚರದ್ದು ಅಂತ ಬರುತ್ತಂತೆ, ಅದು ಬೇಕಾ? ನವರಂಗದಲ್ಲಿ ಟ್ರೈಪಾಡಿಗೆ ಬದಲಿ ಏನಾದ್ರೂ?


ನಟ್ಟು_ಬೋಲ್ಟು (ಹಾಸನ):

ಎಡಚರ ಸ್ಲಿಂಗ್ ಬೇಡ. ಅದು ಕ್ಯಾಮೆರಾನ ಎಡ ಸೊಂಟಕ್ಕೆ ತರುತ್ತೆ, ಎತ್ತಿದ ಮೇಲೆ ಗ್ರಿಪ್ ಹಿಡಿಯೋಕೆ ಕೈ ಬದಲಿಸಬೇಕು, ಬೀಳೋದು ಆ ಹೊತ್ತಲ್ಲೇ. ಎಲ್ಲರ ಹಾಗೆ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಹಾಕಿ.

ಟ್ರೈಪಾಡ್ ಬದಲಿಗೆ ದಾರ. ಅದೇ ಕಾಲಿಂಚು ಬೋಲ್ಟಿಗೆ, ಅದೇ 4.5 ಎಂಎಂ ಲೆಕ್ಕದಲ್ಲಿ, ಹಿಗ್ಗದ ನೈಲಾನ್ ದಾರ ಕಟ್ಟಿ. ಇನ್ನೊಂದು ತುದಿ ಪಾದದಡಿ ತುಳಿದು, ಕ್ಯಾಮೆರಾ ಕಣ್ಣಿಗೆ ತಂದು ಮೇಲಕ್ಕೆ ಎಳೆದು ಬಿಗಿ ಹಿಡೀರಿ. ಮೇಲೆ ಕೆಳಗೆ ಆಡೋದು ನಿಲ್ಲುತ್ತೆ. ಅಕ್ಕಪಕ್ಕ ಆಡೋದಕ್ಕೆ ಎರಡು ದಾರ ಕಟ್ಟಿ, ಒಂದೊಂದು ಪಾದಕ್ಕೆ ಒಂದೊಂದು. ನೆಲ ನುಣ್ಣಗಿರುತ್ತೆ, ಬರಿಗಾಲಲ್ಲಿ ತುಳಿದ್ರೆ ದಾರ ಜಾರುತ್ತೆ, ತುದಿಗೊಂದು ಹೆಬ್ಬೆರಳು ಹಿಡಿಯುವಷ್ಟು ಕುಣಿಕೆ ಹಾಕ್ಕೊಳ್ಳಿ.


ಗಿರಿನೋಟ (ಚಿಕ್ಕಮಗಳೂರು):

ದಾರ ವಾಲೋದನ್ನ ತಡೆಯಲ್ಲ, ಅದು ಬೆರಳಿಗೇ ಬಿಟ್ಟಿದ್ದು. ಎಕ್ಸ್-ಟಿ3 ಬಾಡಿಯೊಳಗೆ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸೋ ವ್ಯವಸ್ಥೆ) ಇಲ್ಲ, ಎಕ್ಸ್-ಟಿ4ರಿಂದ ಮುಂದಕ್ಕೆ ಇದೆ. ನವರಂಗದ ಕತ್ತಲಲ್ಲಿ ಪ್ರೈಮ್ ಲೆನ್ಸ್ ಹಾಕೋರಿಗೆ ಆ ವ್ಯತ್ಯಾಸ ದೊಡ್ಡದು, ಸ್ವಲ್ಪ ದುಡ್ಡು ಕೂಡಿಸಿ ಎಕ್ಸ್-ಟಿ4 ಸಿಗುತ್ತಾ ನೋಡಿ. ಅದರ ಸ್ಕ್ರೀನ್ ಒಳಮುಖ ಮುಚ್ಚೋಕೂ ಬರುತ್ತೆ, ಎಕ್ಸ್-ಟಿ3ರದ್ದು ಬರಲ್ಲ.